ಕರಾವಳಿಯ ಸೇವಾಸಂಸ್ಥೆಗಳ ಧ್ಯೇಯೋದ್ದೇಶಗಳೆಲ್ಲ ಒಂದೇ ತರಹ ಇವೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಬಹಳ ವರ್ಷ ಪರವೂರಿನಲ್ಲಿ ದುಡಿದು ಮಂಗಳೂರಿಗೆ ಮರಳಿರುವ ನೀವು, ಊರಿನ ಯಾವುದಾದರೊಂದು ಸೇವಾಸಂಸ್ಥೆಯ ಜೊತೆ ಕೆಲಸ ಮಾಡಬೇಕೆಂದು ಹತ್ತಾರು ಸಂಸ್ಥೆಗಳ ಪರಿಚಯಪತ್ರ ಓದಿದ್ದೀರಿ. ಎಲ್ಲದರಲ್ಲೂ 'ಸಮುದಾಯದ ಅಭಿವೃದ್ಧಿ, ಆರೋಗ್ಯ, ಮಾನವ ಹಕ್ಕುಗಳ ರಕ್ಷಣೆ' ಎಂಬ ಒಂದೇ ಸಾಲು ಇದೆ, ಹಾಗಾದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಉಡುಪಿಯ ಒಂದು ಸಣ್ಣ ಟ್ರಸ್ಟಿನಲ್ಲಿ ಹದಿನಾರು ವರ್ಷ ಕಾರ್ಯದರ್ಶಿಯಾಗಿದ್ದವಳು ನಾನು. ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೇ ಅದರಲ್ಲಿ ಅರ್ಧದಷ್ಟು ಕಾಲ ಬೇಕಾಯಿತು.

ಎಲ್ಲವೂ ಒಂದೇ ತರಹ ಕಾಣುವುದಕ್ಕೆ ಮೊದಲ ಕಾರಣ ಕಾನೂನು. ಟ್ರಸ್ಟ್ ಆದರೆ ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಣಿಯಾಗಬೇಕು. ಸಂಘವಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಮಂದಿ ಸೇರಿ ಉದ್ದೇಶಗಳನ್ನು ಬರೆದುಕೊಡಬೇಕು. ಆಮೇಲೆ ಆದಾಯ ತೆರಿಗೆಯ ವಿನಾಯಿತಿ, ದಾನಿಗಳಿಗೆ ತೆರಿಗೆ ರಿಯಾಯಿತಿಯ ರಸೀದಿ, ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗಾಗಿ ಕೊಡುವ ಸಿಎಸ್‌ಆರ್ ಹಣ ಎಲ್ಲವೂ ಆ ಪತ್ರದಲ್ಲಿ ಬರೆದ ಉದ್ದೇಶಗಳನ್ನೇ ನೋಡುತ್ತವೆ. ಮುಂದೆ ತಿದ್ದುಪಡಿಯ ತೊಂದರೆ ಬೇಡವೆಂದು ವಕೀಲರು ಸಾಧ್ಯವಿರುವ ಎಲ್ಲವನ್ನೂ ಸೇರಿಸಿಬಿಡುತ್ತಾರೆ. ನಮ್ಮ ಪತ್ರದಲ್ಲಿ ಇಪ್ಪತ್ತಮೂರು ಉದ್ದೇಶಗಳಿದ್ದವು, ಗೋಶಾಲೆಯಿಂದ ಕಂಪ್ಯೂಟರ್ ತರಬೇತಿಯವರೆಗೆ. ಹದಿನಾರು ವರ್ಷಗಳಲ್ಲಿ ನಾವು ನಿಜವಾಗಿ ಕೈಹಾಕಿದ್ದು ಎರಡಕ್ಕೆ ಮಾತ್ರ. ಆದ್ದರಿಂದ ನೋಂದಣಿಪತ್ರದ ಸಾಲುಗಳನ್ನು ಸಂಸ್ಥೆಗೆ ದೊರೆತ ಅನುಮತಿಯೆಂದು ಓದಿಕೊಳ್ಳಿ. ಧ್ಯೇಯ ಯಾವುದೆಂದು ತಿಳಿಯಲು ಅವರ ಕೆಲಸವನ್ನೇ ನೋಡಬೇಕು.

ಧ್ಯೇಯವೆಂದರೆ ಹೇಗಿರಬೇಕು ಎಂಬುದಕ್ಕೆ ನಾವು ದೂರ ಹುಡುಕಬೇಕಾಗಿಲ್ಲ. ಮಂಗಳೂರಿನ ಪುರಭವನಕ್ಕೆ ಯಾರ ಹೆಸರಿದೆಯೋ ಆ ಕುದ್ಮುಲ್ ರಂಗರಾಯರು ವಕೀಲರಾಗಿದ್ದವರು. ದಲಿತರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಿಗಾಗಿಯೇ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು, ಅದಕ್ಕಾಗಿ ತಮ್ಮದೇ ಜಾತಿಯವರ ಬಹಿಷ್ಕಾರವನ್ನು ಸಹಿಸಿಕೊಂಡರು. ತಮ್ಮ ಶಾಲೆಯಲ್ಲಿ ಓದಿದ ಮಗು ದೊಡ್ಡ ಹುದ್ದೆಗೇರಿ, ಇದೇ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ತಮ್ಮ ಬದುಕು ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ಈ ಆಸೆಯಲ್ಲಿ ಕೆಲಸ ಯಾರಿಗಾಗಿ ಎಂಬುದೂ ಇದೆ, ಅದು ಮುಗಿಯುವುದು ಯಾವಾಗ ಎಂಬುದೂ ಇದೆ. ಸಹಾಯ ಪಡೆದವರು ಸಹಾಯ ಮಾಡಿದವರನ್ನು ದಾಟಿ ಮುಂದೆ ಹೋಗಬೇಕು, ಕೊಟ್ಟವರ ಮುಂದೆ ಕೈಮುಗಿದು ನಿಂತಿರಬಾರದು. ಇಂದು ನಾನು ಯಾವ ಸಂಸ್ಥೆಗೆ ಹೋದರೂ ಮೊದಲು ಕೇಳುವುದು ಇದನ್ನೇ: ನಿಮ್ಮ ಕೆಲಸ ಪೂರ್ತಿಯಾದ ದಿನ ಈ ಜನರ ಬದುಕು ಹೇಗಿರುತ್ತದೆ? ಉತ್ತರ ಹೇಳಲು ತಡವರಿಸುವವರ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಅವರು ಯೋಚಿಸುತ್ತಿದ್ದಾರೆ. ಆ ಪ್ರಶ್ನೆಯನ್ನೇ ಅನವಶ್ಯಕವೆಂದು ತಳ್ಳಿಹಾಕುವವರಿಂದ ದೂರ ಇರುತ್ತೇನೆ.

ಇನ್ನು ಸಮುದಾಯ, ಆರೋಗ್ಯ, ಹಕ್ಕು ಎಂಬ ಮೂರು ಶಬ್ದಗಳ ವಿಷಯ. ಇವು ಕಚೇರಿಯ ಕಡತಗಳಲ್ಲಿ ಬೇರೆಬೇರೆಯಾಗಿರಬಹುದು, ಒಂದು ಮನೆಯ ಒಳಗೆ ಬೇರೆಬೇರೆಯಾಗಿರುವುದಿಲ್ಲ ಎಂಬುದನ್ನು ನಾನು ಕಲಿತದ್ದು ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆ. ಅಲ್ಲಿಯ ಗೇರು ತೋಟಗಳಿಗೆ 1980ರ ದಶಕದಿಂದ ಸುಮಾರು 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಗಿತ್ತು. ಪಕ್ಕದ ಕಾಸರಗೋಡಿನಲ್ಲಿಯೂ ಗೇರು ತೋಟಗಳ ಮೇಲೆ ಇದೇ ನಡೆದಿತ್ತು. ತೋಟದ ಸುತ್ತಲಿನ ಮನೆಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರ ಇರುವ ಮಕ್ಕಳು ಒಬ್ಬರ ಹಿಂದೆ ಒಬ್ಬರು ಕಾಣಿಸಿಕೊಂಡಾಗ ಮೊದಲು ದನಿಯೆತ್ತಿದವರು ಅಲ್ಲಿಯ ಜನರೇ. ಕೇರಳದ ಡಿವೈಎಫ್‌ಐ ಯುವಜನ ಸಂಘಟನೆ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಮೇ 13ರಂದು ಈ ಕೀಟನಾಶಕದ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ದೇಶಾದ್ಯಂತ ತಡೆಯಿತು. ಸಂತ್ರಸ್ತರಿಗೆ ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಮಾಸಾಶನ ಬಂದದ್ದು, ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರಗಳು ತೆರೆದದ್ದು ಇವೆಲ್ಲ ಹೋರಾಟದ ಫಲ.

ನಮ್ಮ ಟ್ರಸ್ಟ್ ಅಲ್ಲಿಗೆ ಹೋದದ್ದು ಬಹಳ ತಡವಾಗಿ, ಒಂದು ಸಮೀಕ್ಷೆಯ ನಮೂನೆಯನ್ನು ಹಿಡಿದುಕೊಂಡು. ಮನೆಯೊಂದರಲ್ಲಿ ಇಪ್ಪತ್ತು ದಾಟಿದ ಮಗ ಹಾಸಿಗೆಯಲ್ಲಿದ್ದ. ನಾನು ನಾಲ್ಕು ಪುಟಗಳ ಪ್ರಶ್ನೆಗಳನ್ನು ಕೇಳಿ ಮುಗಿಸಿದ ಮೇಲೆ ಅವನ ತಾಯಿ ಹೇಳಿದರು: "ಅಕ್ಕ, ನೀವು ಎಲ್ಲ ಬರ್ಕೊಂಡ್ರಿ, ಒಳ್ಳೇದು. ನನಗೆ ಎರಡು ದಿನ ಯಾರಾದ್ರೂ ಇವನನ್ನು ನೋಡ್ಕೊಳ್ಳುವವರು ಸಿಕ್ಕಿದ್ರೆ ಸಾಕಿತ್ತು. ತಂಗಿಯ ಮಗಳ ಮದುವೆ ಉಂಟು, ಹೋಗ್ಲಿಕ್ಕೆ ಆಗುದಿಲ್ಲ." ನನ್ನ ನಮೂನೆಯಲ್ಲಿ ಔಷಧಿಯ ಬಗ್ಗೆ ಪ್ರಶ್ನೆಯಿತ್ತು, ಶೌಚಾಲಯದ ಬಗ್ಗೆ ಇತ್ತು, ಆದಾಯದ ಬಗ್ಗೆ ಇತ್ತು, ಆ ತಾಯಿ ಕೊನೆಯ ಬಾರಿ ಮನೆ ಬಿಟ್ಟು ಹೊರಗೆ ಹೋದದ್ದು ಯಾವಾಗ ಎಂಬ ಪ್ರಶ್ನೆ ಇರಲಿಲ್ಲ. ಮಗನ ಆರೈಕೆ ಆರೋಗ್ಯದ ವಿಷಯವೆಂದೂ, ಮದುವೆ ಮನೆಗೆ ಹೋಗಿ ನಾಲ್ಕು ಜನರ ನಡುವೆ ಕೂರುವುದು ಸಮುದಾಯದ ವಿಷಯವೆಂದೂ, ಆ ಎರಡು ದಿನಗಳ ಬಿಡುವು ಅವರ ಹಕ್ಕೆಂದೂ ನಾವು ವಿಂಗಡಿಸಬಹುದು. ಅವರಿಗೆ ಅದು ಒಂದೇ ಬೇಡಿಕೆಯಾಗಿತ್ತು. ನಾನೂ ನಮ್ಮ ಇನ್ನೊಬ್ಬ ಕಾರ್ಯಕರ್ತೆಯೂ ಆ ಎರಡು ದಿನ ಅವರ ಮನೆಯಲ್ಲಿ ಉಳಿದೆವು. ಅವನಿಗೆ ಗಂಜಿ ಕುಡಿಸಲು ಒಂದು ಗಂಟೆ ಹಿಡಿಯುತ್ತದೆ, ರಾತ್ರಿ ಮೂರು ಸಲ ಮಗ್ಗುಲು ಬದಲಿಸಬೇಕಾಗುತ್ತದೆ ಎಂಬುದು ಆಗ ತಿಳಿಯಿತು. ಮುಂದಿನ ಸಭೆಯಲ್ಲಿ ಇಪ್ಪತ್ತಮೂರು ಉದ್ದೇಶಗಳನ್ನು ಬದಿಗಿಟ್ಟು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸರಿಗೆ ತಿಂಗಳಿಗೆ ಎರಡು ದಿನ ಬಿಡುವು ಕೊಡಿಸುವುದೇ ನಮ್ಮ ಕೆಲಸ ಎಂದು ನಿರ್ಣಯ ಬರೆದೆವು. ನಾವು ಬರೆದ ಮೊದಲ ನಿಜವಾದ ಧ್ಯೇಯವಾಕ್ಯ ಅದು.

ಹಕ್ಕು ಎಂಬ ಶಬ್ದದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಕಡೆ ದಾನಕ್ಕೆ ಸುಲಭವಾಗಿ ಕೈ ಏಳುತ್ತದೆ, ಹಕ್ಕಿನ ಮಾತು ಬಂದಾಗ ಹಲವರು ಹಿಂಜರಿಯುತ್ತಾರೆ. ಕರಾವಳಿಯ ಆದಿವಾಸಿಗಳಾದ ಕೊರಗ ಸಮುದಾಯವನ್ನೇ ನೋಡಿ. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ 15 ಸಾವಿರವನ್ನೂ ಮುಟ್ಟಿರಲಿಲ್ಲ. ರಕ್ತಹೀನತೆ, ಅಪೌಷ್ಟಿಕತೆ ಅವರನ್ನು ಬಹಳ ಕಾಲದಿಂದ ಕಾಡುತ್ತಿವೆ. ಹಾಗಾದರೆ ಅಕ್ಕಿ, ಬೇಳೆ, ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಸಾಕೆ? ಕಾಯಿಲೆಯವರ ಕೂದಲು, ಉಗುರುಗಳನ್ನು ಅನ್ನದಲ್ಲಿ ಕಲಸಿ ಕೊರಗರಿಗೆ ತಿನ್ನಿಸುವ, ಕಂಬಳದ ಹಿಂದಿನ ರಾತ್ರಿ ಅವರನ್ನು ಗದ್ದೆಯಲ್ಲಿ ಓಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅನ್ನವನ್ನೇ ಅವಮಾನದ ಸಾಧನವನ್ನಾಗಿ ಮಾಡಿದ ಊರಿನಲ್ಲಿ ಅನ್ನ ಕೊಡುವುದಷ್ಟೇ ಸೇವೆಯಾಗಲಾರದು. ಬುಟ್ಟಿ ಹೆಣೆಯುವ ಬಿಳಲಿಗಾಗಿ ಕಾಡಿಗೆ ಹೋಗುವ ದಾರಿ ಮುಚ್ಚಿತು, ಪ್ಲಾಸ್ಟಿಕ್ ಬಂದು ಬುಟ್ಟಿಗೆ ಗಿರಾಕಿ ಇಲ್ಲವಾಯಿತು, ಕೈಯಲ್ಲಿ ಭೂಮಿ ಇಲ್ಲ. ಕೊರಗರ ಸಂಘಟನೆಗಳು ಕೇಳಿದ್ದು ಭೂಮಿಯನ್ನು. ಕೊರಗರ ಸ್ಥಿತಿಗತಿಯ ಬಗ್ಗೆ ಬಂದ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಆ ಹೋರಾಟದ ನೆನಪಿಗೆ ಪ್ರತಿ ವರ್ಷ ಆಗಸ್ಟ್ 18ರಂದು ಅವರು ಭೂಮಿಹಬ್ಬ ಆಚರಿಸುತ್ತಾರೆ. ನೀವು ಆ ದಿನ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ವೇದಿಕೆಯಲ್ಲಿ ಮಾತನಾಡುವವರು ಆ ಸಮುದಾಯದವರೇ. ಅವರ ಪರವಾಗಿ ಮಾತನಾಡುತ್ತೇವೆ ಎನ್ನುವ ಸಂಸ್ಥೆಗಳಿಗೂ, ಅವರೇ ಮಾತನಾಡುವಂತೆ ಜಾಗ ಬಿಟ್ಟುಕೊಟ್ಟ ಸಂಸ್ಥೆಗಳಿಗೂ ಇರುವ ವ್ಯತ್ಯಾಸ ಅಲ್ಲಿ ತಿಳಿಯುತ್ತದೆ.

ಹಕ್ಕಿನ ಕೆಲಸವೆಂದರೆ ಯಾವಾಗಲೂ ಮೆರವಣಿಗೆ, ಘೋಷಣೆ ಎಂದು ಭಾವಿಸಬೇಡಿ. ಮಕ್ಕಳು ಪರದೇಶದಲ್ಲಿರುವ, ಆಸ್ತಿ ಬರೆಸಿಕೊಂಡು ಕೈಬಿಟ್ಟಿರುವ ವೃದ್ಧರು ಉಡುಪಿಯಲ್ಲೂ ಮಂಗಳೂರಿನಲ್ಲೂ ಇದ್ದಾರೆ. ಅವರಿಗೆ ವೃದ್ಧಾಶ್ರಮದ ಊಟ ಕೊಡುವುದು ಒಂದು ಕೆಲಸ. ಹಿರಿಯ ನಾಗರಿಕರ ಪಾಲನೆಗಾಗಿ 2007ರ ಕಾಯ್ದೆಯಿದೆ, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದರೆ ಆ ದಾನಪತ್ರವನ್ನೇ ರದ್ದುಪಡಿಸುವ ಅವಕಾಶವಿದೆ ಎಂದು ತಿಳಿಸಿ, ಅರ್ಜಿ ಬರೆದುಕೊಟ್ಟು, ವಿಚಾರಣೆಯ ದಿನ ಬಸ್ಸಿನಲ್ಲಿ ಅವರ ಪಕ್ಕ ಕುಳಿತು ಕುಂದಾಪುರಕ್ಕೆ ಹೋಗಿಬರುವುದು ಇನ್ನೊಂದು ಕೆಲಸ. ಎರಡೂ ಬೇಕು. ಆದರೆ ಎರಡನೆಯದಕ್ಕೆ ಫೋಟೋ ಇಲ್ಲ, ದಾನಿಗಳು ಕಡಿಮೆ, ವರ್ಷಾನುಗಟ್ಟಲೆ ತಾಳ್ಮೆ ಬೇಕು. ನಿಮಗೆ ಓದುಬರಹ, ಕಚೇರಿಯ ಅನುಭವ ಇರುವುದರಿಂದ ಇಂತಹ ಕೆಲಸದಲ್ಲೇ ನಿಮ್ಮ ಅಗತ್ಯ ಹೆಚ್ಚೆಂದು ನನಗೆ ತೋರುತ್ತದೆ.

ಆರೋಗ್ಯ ಶಿಬಿರಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಭಾನುವಾರ ಶಾಲೆಯ ಜಗಲಿಯಲ್ಲಿ ಮುನ್ನೂರು ಜನರ ರಕ್ತದೊತ್ತಡ ನೋಡಿ ಸೋಮವಾರ ಪತ್ರಿಕೆಗೆ ವರದಿ ಕೊಡುವುದು ಸುಲಭ. ಅವರಲ್ಲಿ ಒತ್ತಡ ಹೆಚ್ಚಿದ್ದ ನಲವತ್ತು ಜನ ಮೂರು ತಿಂಗಳ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮಾತ್ರೆ ತರುತ್ತಿದ್ದಾರೆಯೇ ಎಂದು ನೋಡುವವರು ಆಶಾ ಕಾರ್ಯಕರ್ತೆಯರು. ಶಿಬಿರ ನಡೆಸಿದ ಸಂಸ್ಥೆ ತನ್ನ ಪಟ್ಟಿಯನ್ನು ಅವರಿಗೆ ಒಪ್ಪಿಸಿತೆ ಎಂದು ಕೇಳಿ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಹೋಮಿಯೋಪಥಿ ಔಷಧಿ ಹಂಚಲು ತೊಡಗಿದಾಗ ಅದೂ ಸಣ್ಣ ಕೆಲಸವೇ ಆಗಿತ್ತು. ಅವರು ಅಲ್ಲೇ ಉಳಿದರು, ಹತ್ತು ವರ್ಷಗಳ ಮೇಲೆ ಮನೆಯವರೇ ಹೊರಗಟ್ಟಿದ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು. ಬೆಳಿಗ್ಗೆ ಬಂದು ಸಂಜೆ ಹೊರಟುಹೋಗುವ ಶಿಬಿರದಿಂದ ಇದು ಆಗುವಂಥದ್ದಲ್ಲ.

ಹಣದ ವಿಷಯ ಚಿಕ್ಕದು: ಲೆಕ್ಕಪರಿಶೋಧನೆಯ ವರದಿ ಕೇಳಿ. ಕೊಡಲು ಹಿಂದೆಮುಂದೆ ನೋಡುವ ಸಂಸ್ಥೆಯಲ್ಲಿ ನಿಮಗೆ ಕೆಲಸವಿಲ್ಲ. ಸಂಬಳಕ್ಕೆ ಹಣ ಹೋಗಿದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಯಾರನ್ನೂ ದೂರಬೇಡಿ. ರಾತ್ರಿ ಎದ್ದು ರೋಗಿಯ ಮಗ್ಗುಲು ಬದಲಿಸುವ ಹುಡುಗಿಗೂ ಮನೆ ನಡೆಯಬೇಕು.

ಕೊನೆಗೊಂದು ಸಲಹೆ. ಡಿಸೆಂಬರಿನಲ್ಲಿ ಎಲ್ಲ ಸಂಸ್ಥೆಗಳೂ ಚೆನ್ನಾಗಿ ಕಾಣುತ್ತವೆ. ವಾರ್ಷಿಕೋತ್ಸವ, ಸನ್ಮಾನ, ಅತಿಥಿಗಳು ಎಲ್ಲ ಇರುತ್ತದೆ. ನೀವು ಮಳೆ ಜೋರಾಗಿರುವ ಆಟಿ ತಿಂಗಳಿನಲ್ಲಿ ಹೋಗಿ. ಕೂಲಿ ಕೆಲಸ ನಿಂತಿರುತ್ತದೆ, ತೋಡು ತುಂಬಿ ಕಾಲುಸಂಕ ಮುಳುಗಿರುತ್ತದೆ, ಜ್ವರದ ಕಾಲ. ಆಗ ಯಾರ ಚಪ್ಪಲಿ ಆ ಮನೆಗಳ ಅಂಗಳದಲ್ಲಿ ಕಾಣುತ್ತದೆಯೋ ಅವರನ್ನು ಮಾತನಾಡಿಸಿ, ಯಾವ ಸಂಸ್ಥೆಯವರೆಂದು ವಿಚಾರಿಸಿ. ಕೊಕ್ಕಡದ ಆ ಮನೆಗೆ ನಮ್ಮ ಕಾರ್ಯಕರ್ತೆಯರು ಈಗಲೂ ತಿಂಗಳಿಗೆ ಎರಡು ದಿನ ಹೋಗುತ್ತಾರೆ, ಮಳೆಗಾಲದಲ್ಲಿ ಒಬ್ಬರು ಹೆಚ್ಚು ಬೇಕಾಗುತ್ತದೆ. ನಿಮಗೆ ಇಷ್ಟವಿದ್ದರೆ ಒಂದು ಸಲ ಅವರ ಜೊತೆ ಹೋಗಿಬನ್ನಿ. ಆ ತಾಯಿ ಹೊರಟು ನಿಂತಾಗ ಮಗನ ಗಂಜಿಯ ಬಗ್ಗೆ ನಿಮಗೆ ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾರೆ, ಸಮಾಧಾನದಿಂದ ಕೇಳಿಸಿಕೊಳ್ಳಿ.