ಓದುಗರ ಪ್ರಶ್ನೆ: ಕಪಾಟಿನ ಬಾಗಿಲಿಗೆ ಆಟೋ ಹಿಂಜ್

ಪ್ರಶ್ನೆ: ಅಡುಗೆಮನೆ ಕಪಾಟಿಗೆ 18 ಮಿ.ಮೀ. ಪ್ಲೈವುಡ್ ಬಾಗಿಲು, ಎರಡೂ ಕಡೆ ಮೈಕಾ. ಆಟೋ ಹಿಂಜ್ (ಬಾಗಿಲಿನ ಒಳಬದಿಯ ತೂತಿನಲ್ಲಿ ಕೂರುವ ಸ್ಪ್ರಿಂಗ್ ಹಿಂಜ್) ಕೂರಿಸಲು 35 ಮಿ.ಮೀ. ಬಿಟ್ ಇರುವ ಡ್ರಿಲ್ಲಿಂಗ್ ಜಿಗ್ (ಬಿಟ್ಟನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಸಾಧನ) ತಂದು ತೂತು ಹಾಕಿದೆ. ಒಂದು ಬಾಗಿಲಲ್ಲಿ ಬಿಟ್ ಮುಂದಿನ ಮೈಕಾ ಸೀಳಿ ಹೊರಬಂತು. ನಡುಹಲಗೆಗೆ ಎರಡೂ ಕಡೆಯಿಂದ ಹಿಂಜ್ ಹಾಕಿದ ಬಾಗಿಲುಗಳು ಒಂದಕ್ಕೊಂದು ತಾಗುತ್ತವೆ. ಜಿಗ್ ಸರಿಯಿಲ್ಲವೇ?
– ಓದುಗರು, ಗಂಗಾವತಿ

ಉತ್ತರ: ಬಾಗಿಲು ತಾಗುತ್ತಿದ್ದರೆ ಮೊದಲು ಹಿಂಜ್ ಯಾವುದೆಂದು ನೋಡಿ. ನಡುಹಲಗೆಯನ್ನು ಎರಡು ಬಾಗಿಲು ಹಂಚಿಕೊಂಡಾಗ ಒಂದೊಂದಕ್ಕೆ ಸಿಗುವುದು ಅರ್ಧ ದಪ್ಪ, ಅದರಲ್ಲೂ ನಡುವೆ 2–3 ಮಿ.ಮೀ. ಸಂದು ಬಿಡಬೇಕು. ಜೀರೋ ಕ್ರ್ಯಾಂಕ್ (ತೋಳು ಬಾಗಿರದ) ಹಿಂಜ್ ಬಾಗಿಲನ್ನು ಹಲಗೆಯ ಪೂರ್ತಿ ದಪ್ಪದ ಮೇಲೆ ಎಳೆದು ಕೂರಿಸುತ್ತದೆ. ಇಲ್ಲಿಗೆ ಬೇಕಾದದ್ದು ತೋಳು ಸ್ವಲ್ಪ ಬಾಗಿದ 8 ಕ್ರ್ಯಾಂಕ್. ಕಪಾಟಿನ ಎರಡು ತುದಿಯ ಹಲಗೆಗೆ ಜೀರೋ, ಚೌಕಟ್ಟಿನ ಒಳಗೇ ಕೂರುವ ಬಾಗಿಲಿಗೆ 16. ಅದೇ ಕಂಪನಿಯ ಅದೇ ಮಾದರಿ ತಂದರೆ ಬಾಗಿಲಿನ ತೂತು ಹಾಗೆಯೇ ಸಾಕು. ಆದರೆ ಬಾಗಿಲಿನ ಅಗಲವೂ ಅರ್ಧ ದಪ್ಪದ ಲೆಕ್ಕಕ್ಕೇ ಕೊಯ್ದದ್ದಾಗಿರಬೇಕು, ಅಳೆದು ನೋಡಿ.

ಮೈಕಾ ಸೀಳಿದ್ದು ಆಳ ತಪ್ಪಿದ್ದರಿಂದ. ಕಪ್‌ಗೆ (ಹಿಂಜ್‌ನಲ್ಲಿ ಬಾಗಿಲಿನ ತೂತಿಗೆ ಕೂರುವ ಗುಂಡು ಭಾಗ) 12–13 ಮಿ.ಮೀ. ಆಳ ಸಾಕು. ಬಿಟ್ ಹೆಚ್ಚು ಇಳಿಯದಂತೆ ತಡೆಯುವ ತಡೆಬಳೆಯ ಅಲೆನ್ ಸ್ಕ್ರೂ ನಡುಕಕ್ಕೆ ಸಡಿಲಾಗಿ ಬಳೆ ಮೇಲೆ ಸರಿಯುತ್ತದೆ, ಬಿಟ್ ಒಳಗಿಳಿಯುತ್ತದೆ. ಎರಡು ಮೂರು ತೂತಿಗೊಮ್ಮೆ ಅದನ್ನು ಬಿಗಿ ಮಾಡಿ. ಆಳ ಅಳೆಯುವಾಗ ನಡುವಿನ ಮೊನೆಯಿಂದಲ್ಲ, ಕತ್ತರಿಸುವ ಅಂಚಿನಿಂದ ಅಳೆಯಿರಿ. ಮೊನೆ ಇನ್ನಷ್ಟು ಆಳಕ್ಕೆ ಹೋಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಡ್ರಿಲ್ ನಿಧಾನವಾಗಿ ತಿರುಗಲಿ. ವೇಗ ಹೆಚ್ಚಾದರೆ ಪ್ಲೈ ಸುಟ್ಟು ಹೊಗೆ ಬರುತ್ತದೆ, ಬಿಟ್‌ನ ಹರಿತವೂ ಹೋಗುತ್ತದೆ.

ಇನ್ನು ಅಂಚಿನ ಅಂತರ. ಕಪ್ ತೂತಿನ ಅಂಚು ಬಾಗಿಲಿನ ಅಂಚಿನಿಂದ 3ರಿಂದ 6 ಮಿ.ಮೀ. ಒಳಗಿರಬೇಕು. 5 ಇಟ್ಟರೆ ತೂತಿನ ನಡು 22.5 ಮಿ.ಮೀ.ಗೆ ಬರುತ್ತದೆ. ಎಲ್ಲ ಬಾಗಿಲಿಗೂ ಒಂದೇ ಅಳತೆ ಇರಲಿ. ಇದು ಒಂದು ಮಿ.ಮೀ. ಹೆಚ್ಚಾದರೆ ಬಾಗಿಲು ಹಲಗೆಯ ಮೇಲೆ ಅಷ್ಟೇ ಮುಂದಕ್ಕೆ ಸರಿಯುತ್ತದೆ. ಹಿಂಜ್‌ನ ಪಕ್ಕದ ಸ್ಕ್ರೂ ಸುಮಾರು 2 ಮಿ.ಮೀ. ಮಾತ್ರ ಸರಿಪಡಿಸಬಲ್ಲದು. ಜಿಗ್ ಅಂಚಿಗೆ ಒತ್ತಿ ಕೂತಿದೆಯೇ, ನಡುವೆ ಮರದ ಪುಡಿ ಸಿಕ್ಕಿದೆಯೇ ಎಂದು ನೋಡದೆ ಕ್ಲಾಂಪ್ ಬಿಗಿಯಬೇಡಿ. ಕಪ್‌ನ ಸ್ಕ್ರೂಗಳ ಅಂತರ ಕೆಲವು ಹಿಂಜ್‌ಗೆ 45, ಕೆಲವಕ್ಕೆ 48 ಮಿ.ಮೀ. ಇರುವುದರಿಂದ ಮೊದಲು ಬೇಡದ ತುಂಡಿನ ಮೇಲೆ ತೂತು ಹಾಕಿ ಹಿಂಜ್ ಕೂರಿಸಿ ನೋಡಿ.

ಹಿಂಜ್‌ನ ತೋಳನ್ನು ಹಲಗೆಗೆ ಹಿಡಿಸುವ ಪ್ಲೇಟ್‌ನ ಸ್ಕ್ರೂ ಹಲಗೆಯ ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ. ಒಳಗೇ ಕೂರುವ ಬಾಗಿಲಾದರೆ ಅದಕ್ಕೆ ಬಾಗಿಲಿನ ದಪ್ಪ ಕೂಡಿಸಿ.

ಒಂದು ಎಚ್ಚರಿಕೆ: ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಗೋಡೆಗೆ ಒರಗಿಸಿಟ್ಟ ಬಾಗಿಲು ಸೊಟ್ಟಗಾಗುತ್ತದೆ. ಆ ಸೊಟ್ಟನ್ನು ಯಾವ ಹಿಂಜೂ ತೆಗೆಯದು. ನೆರಳಲ್ಲಿ ಮಟ್ಟಸವಾಗಿ ಮಲಗಿಸಿಡಿ.

ಪ್ರಶ್ನೆ: ಹಳೇ ಕಪಾಟಿನಲ್ಲಿ ಹಿಂಜ್‌ನ ಸ್ಕ್ರೂ ಹಿಡಿಯುತ್ತಿಲ್ಲ. ಉದ್ದನೆಯ ಸ್ಕ್ರೂ ಹಾಕಲೇ?
– ಓದುಗರು, ಮಾನ್ವಿ

ಉತ್ತರ: ಬೇಡ, ಆಚೆ ಬದಿಗೆ ತೂರಿಬಿಡುತ್ತದೆ. ತೂತಿಗೆ ಫೆವಿಕಾಲ್ ಬಿಟ್ಟು ತೆಳು ಮರದ ಕಡ್ಡಿ ಬಿಗಿಯಾಗಿ ತುಂಬಿ, ರಾತ್ರಿಯಿಡೀ ಒಣಗಲು ಬಿಡಿ. ಮರುದಿನ ಮೇಲ್ಮಟ್ಟಕ್ಕೆ ಕತ್ತರಿಸಿ, 2 ಮಿ.ಮೀ. ತೂತು ಹಾಕಿ, ಹಳೆಯ ಅಳತೆಯ ಸ್ಕ್ರೂವನ್ನೇ ಕೈಯಿಂದ ತಿರುಗಿಸಿ ಬಿಗಿ ಮಾಡಿ.