ಆರ್ಕಾನ್‌ನಲ್ಲಿ ಡ್ರ್ಯಾಗನ್ ಸಾಯುವುದೇಕೆ?

ಆರ್ಕಾನ್ ಎಂಬ ಕಂಪ್ಯೂಟರ್ ಆಟದಲ್ಲಿ, ಬಿಳಿ ಚೌಕದಲ್ಲಿದ್ದ ಬಿಳಿ ಪಡೆಯ ಯೂನಿಕಾರ್ನ್ ಮೇಲೆ ನಿಮ್ಮ ಕಪ್ಪು ಪಡೆಯ ಡ್ರ್ಯಾಗನ್ ನುಗ್ಗಿಸಿದರೆ ಡ್ರ್ಯಾಗನ್ನೇ ಸತ್ತಿತು, ಇದೇನು ಅದೃಷ್ಟದ ಆಟವೇ ಎಂದು ಕೇಳಿದ್ದೀರಿ. ಅಲ್ಲವೇ ಅಲ್ಲ. ಕಪ್ಪು ಪಡೆಯವರು ಬಿಳಿ ಚೌಕಕ್ಕೆ ಹೋಗಿ ಜಗಳ ತೆಗೆದಿದ್ದೀರಿ, ಅಷ್ಟೇ.

1983ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಹೊರತಂದ ಈ ಆಟ ನೋಡಲು ಚದುರಂಗದಂತಿದೆ. ಚದುರಂಗ ಬಲ್ಲವರು ಎಡವುವುದೂ ಅದಕ್ಕೇ. ಅಲ್ಲಿ ಕಾಯಿಯ ಮೇಲೆ ಹೋದವನು ಹೊಡೆದಂತೆಯೇ ಲೆಕ್ಕ. ಇಲ್ಲಿ ಹೋದರೆ ಅಖಾಡದ ಬಾಗಿಲು ತೆರೆಯುತ್ತದೆ, ಮುಂದಿನದು ನಿಮ್ಮ ಕೈಚಳಕ. ತನ್ನ ಬಣ್ಣದ ನೆಲದಲ್ಲಿ ಕಾದುವವನಿಗೆ ಪ್ರಾಣಪಟ್ಟಿ ಉದ್ದವಾಗಿರುತ್ತದೆ. 81 ಚೌಕಗಳಲ್ಲಿ ಕೆಲವು ಸದಾ ಬಿಳಿ, ಕೆಲವು ಸದಾ ಕಪ್ಪು. ಉಳಿದವು ಆಟ ಸಾಗಿದಂತೆ ಬೆಳಗಿ ಮಬ್ಬಾಗುತ್ತವೆ. ಅವು ಕಪ್ಪಿನತ್ತ ಹೊರಳಿದಾಗ ದಾಳಿ, ಬೆಳಗುವಾಗ ಹಿಂದೆ ಸರಿದು ಕಾಯುವುದು. ಕಾಯಲು ತಾಳ್ಮೆ ಇಲ್ಲದವರು ಈ ಆಟಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಅಖಾಡದಲ್ಲಿ ಡ್ರ್ಯಾಗನ್‌ನ ಬೆಂಕಿ ಭಯಂಕರ, ಆದರೆ ಒಮ್ಮೆ ಉಗುಳಿದರೆ ಮತ್ತೆ ಉಗುಳಲು ಹೊತ್ತು ಬೇಕು. ಆ ಬಿಡುವಿನಲ್ಲಿ ಯೂನಿಕಾರ್ನ್ ಸರಸರನೆ ಮಿಂಚು ಎಸೆಯುತ್ತದೆ. ಗುರಿ ತಪ್ಪಿದರೆ ಕೂಡಲೇ ಅದರ ಸಾಲಿನಿಂದ, ಓರೆ ಗೆರೆಯಿಂದಲೂ, ತಪ್ಪಿಸಿಕೊಂಡು ತಡೆಗಳ ಮರೆಗೆ ಸೇರಿ. ಆ ತಡೆಗಳು ಕರಗಿ ಮತ್ತೆ ಮೂಡುತ್ತಿರುತ್ತವೆ, ಒಂದನ್ನೇ ನಂಬಿ ನಿಲ್ಲಬೇಡಿ. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ನಿಮ್ಮ ಕಾಯಿ ನಡೆಯುವುದಿಲ್ಲ. ಹೊಡೆದ ಮರುಕ್ಷಣ ಬಿಡಬೇಕು.

ಏಳು ಮಂತ್ರಗಳು, ಪ್ರತಿಯೊಂದೂ ಒಂದೇ ಬಾರಿ. ನನ್ನ ಮಟ್ಟಿಗೆ ಭೂತಶಕ್ತಿಯನ್ನು ಕರೆಯುವ ಮಂತ್ರಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ. ನೀರು, ಬೆಂಕಿ, ಗಾಳಿ, ಮಣ್ಣು, ಯಾವುದು ಬರುತ್ತದೋ ಬರಲಿ, ಒಂದು ಕಾಳಗ ಮಾಡಿ ಮಾಯವಾಗುತ್ತದೆ. ಸೋತರೂ ನಿಮ್ಮ ಕಾಯಿ ಹೋಗುವುದಿಲ್ಲ. ಶತ್ರುವಿನ ಗಾಯ ಮಾತ್ರ ಉಳಿಯುತ್ತದೆ. ಮುಂದಿನ ಸರದಿಯಲ್ಲೇ ನಿಮ್ಮ ಪಡೆಯ ಬ್ಯಾನ್‌ಶೀಯನ್ನು, ಅಂದರೆ ಕಿರುಚಿ ಕೊಲ್ಲುವ ಪ್ರೇತವನ್ನು, ಕಳುಹಿಸಿ ಮುಗಿಸಿ. ಬಿಟ್ಟರೆ ಆ ಗಾಯ ಮೆಲ್ಲಗೆ ಮಾಯುತ್ತದೆ, ಆ ಶತ್ರು ಶಕ್ತಿಬಿಂದುವಿನ (ಹಲಗೆಯ ಮೇಲಿನ ಐದು ವಿಶೇಷ ಚೌಕಗಳಲ್ಲೊಂದರ) ಮೇಲೆ ಕುಳಿತಿದ್ದರೆ ಇನ್ನೂ ಬೇಗ. ಅಂದ ಹಾಗೆ, ಶಕ್ತಿಬಿಂದುವಿನ ಮೇಲಿರುವ ಕಾಯಿಗೆ ಯಾವ ಮಂತ್ರವೂ ತಗಲುವುದಿಲ್ಲ.

ಎದುರಾಳಿಯ ಕಾಯಿಗಳನ್ನೆಲ್ಲ ಕೊಲ್ಲಬೇಕೆಂಬ ಹಟ ಬೇಡ. ಐದು ಶಕ್ತಿಬಿಂದುಗಳನ್ನು ಹಿಡಿದರೂ ಗೆಲುವೇ. ಅವುಗಳಲ್ಲಿ ಮೂರು ಬಣ್ಣ ಬದಲಿಸುವ ಚೌಕಗಳ ಮೇಲಿವೆ, ಕತ್ತಲು ಗಾಢವಾದಾಗ ಮೊದಲು ಅವಕ್ಕೆ ನುಗ್ಗಿ. ಬಿಳಿ ಮಾಂತ್ರಿಕನ ಚೌಕವೇ ಕಷ್ಟದ್ದು, ಅದು ಎಂದೂ ಕಪ್ಪಾಗುವುದಿಲ್ಲ.

ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ) ಕೀಲಿಮಣೆಯಿಂದ ಆಡುತ್ತಿದ್ದರೆ ಒಮ್ಮೆ ಪರೀಕ್ಷಿಸಿ: ಎರಡು ಬಾಣದ ಕೀಲಿ ಮತ್ತು ಗುಂಡು ಹಾರಿಸುವ ಕೀಲಿ, ಮೂರನ್ನೂ ಒಟ್ಟಿಗೆ ಒತ್ತಿದರೆ ಅಗ್ಗದ ಕೀಲಿಮಣೆಗಳು ಒಂದನ್ನು ನುಂಗಿಬಿಡುತ್ತವೆ, ಓರೆ ಹೊಡೆತವೇ ಬೀಳುವುದಿಲ್ಲ. ಗುಂಡಿನ ಕೀಲಿಯನ್ನು ಕಂಟ್ರೋಲ್‌ಗೆ ಬದಲಿಸಿ ನೋಡಿ. ಆಗದಿದ್ದರೆ ಒಂದು ಯುಎಸ್‌ಬಿ ಗೇಮ್‌ಪ್ಯಾಡ್ ಕೊಂಡುಬಿಡಿ.