ಮುಂದಿನ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಾಯಿಸಬಹುದಾ?

ಬ್ರೇಕ್ ಒತ್ತಿದಾಗೆಲ್ಲ ಮುಂದಿನ ಚಕ್ರದಿಂದ ಕೀಂಯ್ ಅಂತ ಸದ್ದು ಬರುತ್ತಿದೆ, ಟೈರ್ ಬದಲಾಯಿಸಿ ಅಭ್ಯಾಸ ಇದೆ, ಪ್ಯಾಡ್ ಕೂಡ ನಾನೇ ಹಾಕಿಕೊಳ್ಳಬಹುದಾ ಎಂದು ಕೇಳಿದ್ದೀರಿ. ಖಂಡಿತ ಹಾಕಿಕೊಳ್ಳಬಹುದು. ನನ್ನ ಕಾರಿಗೆ ನಾನೇ ಹಾಕುತ್ತೇನೆ. ಆದರೆ ಹಳೇ ಪ್ಯಾಡ್ ತೆಗೆದು ಹೊಸದು ಕೂರಿಸುವುದು ಇದರಲ್ಲಿ ತೀರಾ ಸುಲಭದ ಭಾಗ. ಹಳೇದು ಹೇಗೆ ಸವೆದಿದೆ ಎಂದು ನೋಡಿ, ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕ್ ಎಂಬ ತಟ್ಟೆಗೆ ಪ್ಯಾಡ್ ಒತ್ತುವ ಭಾಗ) ಪಿನ್‌ಗಳನ್ನು ಸರಿ ಮಾಡುವುದೇ ನಿಜವಾದ ಕೆಲಸ. ಅದನ್ನು ಬಿಟ್ಟರೆ ಹೊಸ ಪ್ಯಾಡ್ ಕೂಡ ಬೇಗ ಹೋಗುತ್ತದೆ.

ಮೊದಲು ಆ ಸದ್ದಿನ ವಿಷಯ. ತುಂಬಾ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಹೊಸ ಪ್ಯಾಡಿನ ಉಜ್ಜುವ ಪದರ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು ಇರುತ್ತದೆ. 3 ಮಿಲಿಮೀಟರಿಗೆ ಬಂದರೆ ಬದಲಾಯಿಸಿಬಿಡಿ. ಕಿರುಚುವ ಬದಲು ಕರಕರ ಎಂದು ಲೋಹ ಉಜ್ಜುವ ಸದ್ದಿದ್ದರೆ ಕಾರು ಓಡಿಸಬೇಡಿ, ಅಷ್ಟರಲ್ಲಿ ಡಿಸ್ಕೂ ಹಾಳಾಗಿರುತ್ತದೆ.

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡವಾಗಿ ಕಲ್ಲು ಅಥವಾ ಮರದ ತುಂಡು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಕಾರಿನ ಭಾರ ಜಾಕ್ ಸ್ಟ್ಯಾಂಡ್ (ಕಾರನ್ನು ಹೊತ್ತು ನಿಲ್ಲುವ ಲೋಹದ ಆಸರೆ) ಮೇಲೆ ಕೂರಬೇಕು, ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ.

ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆಗೆ ಹೋಗಿ. ಯಾವ ಕ್ಲಿಪ್ ಎಲ್ಲಿತ್ತು ಅಂತ ಗೊಂದಲವಾದರೆ ಬಿಚ್ಚದಿರುವ ಕಡೆ ನೋಡಿಕೊಳ್ಳಬಹುದು, ಅಲ್ವಾ? ಆದರೆ ಪ್ಯಾಡ್ ಮಾತ್ರ ಎರಡೂ ಕಡೆ ಹೊಸದೇ ಆಗಬೇಕು. ಒಂದು ಕಡೆ ಹಳೇದು, ಒಂದು ಕಡೆ ಹೊಸದು ಇದ್ದರೆ ಬ್ರೇಕ್ ಹಾಕಿದಾಗ ಕಾರು ಪಕ್ಕಕ್ಕೆ ಎಳೆಯುತ್ತದೆ.

ಹೆಚ್ಚಿನ ಕಾರುಗಳ ಮುಂದಿನ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರುವಂಥದ್ದು. ಚಕ್ರ ತೆಗೆದ ಮೇಲೆ ಹಿಂಬದಿಯಲ್ಲಿ ಆ ಪಿನ್‌ಗಳ ಬೋಲ್ಟ್ ಕಾಣುತ್ತದೆ. ಕ್ಯಾಲಿಪರ್ ಹೊರಗೆ ಬರುವಂತೆ ಸ್ಟೀರಿಂಗ್ ತಿರುಗಿಸಿಕೊಂಡರೆ ಸ್ಪ್ಯಾನರ್ ಆಡಿಸಲು ಜಾಗ ಸಿಗುತ್ತದೆ. ಎರಡೂ ಬೋಲ್ಟ್ ತೆಗೆದರೆ ಕ್ಯಾಲಿಪರ್ ಕೈಗೆ ಬರುತ್ತದೆ. ಅದನ್ನು ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡಬೇಡಿ, ಪೈಪ್ ಒಳಗೊಳಗೇ ಪೆಟ್ಟು ತಿನ್ನುತ್ತದೆ. ಒಂದು ತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿಬಿಡಿ.

ಈಗ ಹಳೇ ಪ್ಯಾಡ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಳಗಿನದು, ಹೊರಗಿನದು ಎರಡೂ ಹೆಚ್ಚುಕಮ್ಮಿ ಒಂದೇ ಸಮ ಸವೆದಿದ್ದರೆ ಸಂತೋಷ. ಒಳಗಿನದು ತೆಳ್ಳಗಾಗಿ ಹೊರಗಿನದು ಹಾಗೇ ಉಳಿದಿದ್ದರೆ ಕ್ಯಾಲಿಪರ್ ಸರಿಯಾಗಿ ಜಾರುತ್ತಿಲ್ಲ, ಹೆಚ್ಚಾಗಿ ಪಿನ್ ಹಿಡಿದುಕೊಂಡಿರುತ್ತದೆ. ಕ್ಯಾಲಿಪರ್‌ನಲ್ಲಿರುವ ಪಿಸ್ಟನ್ (ಬ್ರೇಕ್ ಒತ್ತಿದಾಗ ಹೊರಬರುವ ಗುಂಡು ಭಾಗ), ಒಳಗಿನ ಪ್ಯಾಡನ್ನು ನೇರವಾಗಿ ತಳ್ಳುತ್ತದೆ. ಹೊರಗಿನ ಪ್ಯಾಡ್ ಒತ್ತಬೇಕಾದರೆ ಕ್ಯಾಲಿಪರೇ ಜಾರಿ ಬರಬೇಕು. ಜಾರದಿದ್ದರೆ ಒಳಗಿನದೇ ಎಲ್ಲ ಕೆಲಸ ಮಾಡಿ ಸವೆಯುತ್ತದೆ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಇದ್ದರೂ ಪಿನ್ ಮೇಲೇ ಮೊದಲ ಅನುಮಾನ.

ಹಾಗಾಗಿ ಸವೆತ ಸಮವಾಗಿದ್ದರೂ ಪಿನ್‌ಗಳನ್ನು ಎಳೆದು ತೆಗೆಯಿರಿ. ಒಣಗಿದ ಗ್ರೀಸ್ ಒರೆಸಿ, ಪಿನ್ ಮೇಲಿನ ರಬ್ಬರ್ ಹೊದಿಕೆ (ಬೂಟ್) ಹರಿದಿದೆಯಾ ನೋಡಿ. ಬ್ರೇಕ್ ಪಿನ್ನಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಮಾಮೂಲಿ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸಿ ಪಿನ್ ಮತ್ತೆ ಹಿಡಿಯುವಂತೆ ಮಾಡುತ್ತದೆ. ಮೇಲಿನ ಪಿನ್ನೂ ಕೆಳಗಿನ ಪಿನ್ನೂ ಎಷ್ಟೋ ಕಾರುಗಳಲ್ಲಿ ಬೇರೆ ಬೇರೆ, ಅದಲು ಬದಲು ಮಾಡಬೇಡಿ. ಹಾಕಿದ ಮೇಲೆ ಬೆರಳಿನಲ್ಲೇ ಹಿಂದೆ ಮುಂದೆ ಸಲೀಸಾಗಿ ಆಡಬೇಕು. ಪ್ಯಾಡ್ ಕೂರುವ ಜಾಗದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ. ಬ್ರೇಕ್ ಧೂಳನ್ನು ಮಾತ್ರ ಊದಬೇಡಿ, ಗಾಳಿ ಹೊಡೆಯಬೇಡಿ, ಅದು ಉಸಿರಿಗೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಹಾಕಿ ಬಟ್ಟೆಯಲ್ಲಿ ಒರೆಸಿ.

ಡಿಸ್ಕ್ ಮೇಲೆ ಅಥವಾ ಅದರ ಅಂಚಿನಲ್ಲಿ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಅಳತೆ ಅದಕ್ಕಿಂತ ಕಡಿಮೆ ಬಂದರೆ ಡಿಸ್ಕನ್ನೂ ಬದಲಾಯಿಸಬೇಕು.

ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಹಳೇ ಪ್ಯಾಡನ್ನು ಪಿಸ್ಟನ್ ಮೇಲಿಟ್ಟು ಸಿ-ಕ್ಲ್ಯಾಂಪ್‌ನಿಂದ (ತಿರುಪು ಬಿಗಿದು ಒತ್ತುವ ಸಿ ಆಕಾರದ ಸಾಧನ) ನಿಧಾನ ಬಿಗಿಯಿರಿ. ಆಗ ಬಾನೆಟ್ ಅಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ, ಆಗಾಗ ಕಣ್ಣಿಡಿ. ಉಕ್ಕಿ ಬಣ್ಣದ ಮೇಲೆ ಬಿದ್ದರೆ ಪೇಂಟ್ ಕಿತ್ತು ಬರುತ್ತದೆ, ತಕ್ಷಣ ಜಾಸ್ತಿ ನೀರು ಹಾಕಿ ತೊಳೆಯಿರಿ. ಪಿಸ್ಟನ್ ಸುತ್ತ ಒದ್ದೆ ಕಂಡರೆ ಅಥವಾ ಅದು ಜಗ್ಗದೇ ಇದ್ದರೆ ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ.

ಪ್ಯಾಡ್ ಮುಖಕ್ಕೂ ಡಿಸ್ಕಿಗೂ ಎಣ್ಣೆ, ಗ್ರೀಸ್ ತಾಗಬಾರದು. ಸವೆತ ತೋರಿಸುವ ಆ ಪಟ್ಟಿ ಇರುವ ಪ್ಯಾಡ್ ಹಳೇದು ಇದ್ದ ಕಡೆಗೇ ಹೋಗಬೇಕು. ಕ್ಯಾಲಿಪರ್ ಬೋಲ್ಟ್‌ಗೂ ವೀಲ್ ನಟ್‌ಗೂ ಎಷ್ಟು ಬಿಗಿ ಬೇಕು ಎಂದು ಕಾರಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ಇಟ್ಟು ಅಷ್ಟೇ ಬಿಗಿಯಿರಿ. ಕೈ ಅಂದಾಜು ಇಲ್ಲಿ ಬೇಡ.

ಎರಡೂ ಕಡೆ ಮುಗಿಸಿ, ಕಾರನ್ನು ಅಲುಗಿಸುವ ಮೊದಲೇ ಬ್ರೇಕ್ ಪೆಡಲ್ ಒತ್ತಿ ಬಿಡಿ, ಒತ್ತಿ ಬಿಡಿ. ಒಳಗೆ ಹೋಗಿದ್ದ ಪಿಸ್ಟನ್ ಪ್ಯಾಡಿಗೆ ಬಂದು ತಾಗುವವರೆಗೆ ಪೆಡಲ್ ನೆಲಕ್ಕೇ ಹೋಗುತ್ತದೆ. ಮರೆತು ಹೊರಟರೆ ಮೊದಲ ಸಲ ಒತ್ತಿದಾಗ ಬ್ರೇಕೇ ಇರುವುದಿಲ್ಲ. ಪೆಡಲ್ ಗಟ್ಟಿಯಾದ ಮೇಲೆ ಬ್ರೇಕ್ ಆಯಿಲ್ ಮಟ್ಟ ನೋಡಿ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ರಸ್ತೆಗೆ ತೆಗೆಯಬೇಡಿ.

ಆಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಿಂದ 10ರ ಹತ್ತಿರಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಬ್ರೇಕ್ ಹಾಕಿ ಇಳಿಸಿ. ನಡುನಡುವೆ ತಣಿಯಲು ಬಿಡುತ್ತಾ ಎಂಟು ಹತ್ತು ಸಲ ಹೀಗೆ ಮಾಡಿದರೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಪ್ಯಾಡ್ ಪೆಟ್ಟಿಗೆಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಮಾಡಿ. ಮೊದಲ ಕೆಲವು ದಿನ ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಇಟ್ಟುಕೊಳ್ಳಿ. ಪ್ಯಾಡ್ ಬಿಚ್ಚಿದಾಗ ಸವೆತ ನೋಡಿ ಅನುಮಾನ ಬಂದರೆ ಒಳಗಿನದು, ಹೊರಗಿನದು ಯಾವುದೆಂದು ಗುರುತು ಹಾಕಿ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ.